ಒಂದನೇ ಟ್ರ್ಯಾಕಿನ ಕೆಂಪು ದೀಪ

ದೆವ್ವ, ಪವಾಡ, ಅಶರೀರವಾಣಿ ಎಂದು ಯಾರಾದರೂ ಶುರು ಮಾಡಿದರೆ ನನಗೆ ಭಯವಾಗುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ನಾನು ಹುಟ್ಟಾ ಚಿಂತೆಯ ಮನುಷ್ಯ. ಗ್ಯಾಸ್ ಆರಿಸಿದೆನೋ ಇಲ್ಲವೋ, ಬೀಗ ಬಿದ್ದಿದೆಯೋ ಇಲ್ಲವೋ, ಎದೆಯ ಎಡಗಡೆ ಚುಳ್ ಎಂದದ್ದು ಗ್ಯಾಸ್ಟ್ರಿಕ್ಕೋ ಇನ್ನೇನೋ ಎಂದು ದಿನವಿಡೀ ತಲೆ ಕೆಡಿಸಿಕೊಳ್ಳುವವನಿಗೆ ದೆವ್ವಕ್ಕೆಂದು ಬೇರೆ ಬಿಡುವು ಎಲ್ಲಿಂದ ಬರಬೇಕು? ವಿಚಿತ್ರ ಅನುಭವವಾಯಿತು ಎನ್ನುವವರು ಒಂದೋ ಸರಿಯಾಗಿ ನೋಡಿರುವುದಿಲ್ಲ, ಇಲ್ಲವೇ ಸರಿಯಾಗಿ ನಿದ್ದೆ ಮಾಡಿರುವುದಿಲ್ಲ ಎನ್ನುವುದು ನನ್ನ ತೀರ್ಮಾನವಾಗಿತ್ತು. ಈಗ ಅದೇ ಸಾಲಿನಲ್ಲಿ ನಾನೇ ಬಂದು ನಿಂತಿದ್ದೇನೆ. ನೀವೂ ನನ್ನ ಬಗ್ಗೆ ಅದೇ ತೀರ್ಮಾನಕ್ಕೆ ಬಂದರೆ ನನ್ನ ತಕರಾರಿಲ್ಲ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ: ಇದು ನಡೆದದ್ದು ಮಧ್ಯಾಹ್ನ ಮೂರು ಗಂಟೆಗೆ, ಊಟವಾದ ಮೇಲೆ. ಹಿಂದಿನ ರಾತ್ರಿ ನಾನು ಎಂದೂ ಇಲ್ಲದಷ್ಟು ಚೆನ್ನಾಗಿ ಮಲಗಿದ್ದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ, ನಾನು ಮತ್ತು ನನ್ನ ಹೆಂಡತಿ ವಿಮಲಾ. ಹಗಲು ಕಚೇರಿಯಲ್ಲಿ ಗುಮಾಸ್ತಿಕೆ, ಉಳಿದ ಹೊತ್ತು ರೆಕಾರ್ಡಿಂಗ್ ಹುಚ್ಚು. ನನ್ನ ಹತ್ತಿರ ಎರಡು ಕೈ ಬದಲಾದ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರವಿತ್ತು. ಮಾಮೂಲಿ ಕ್ಯಾಸೆಟ್ಟಿನ ಟೇಪನ್ನೇ ಅದು ನಾಲ್ಕು ಓಣಿ ಮಾಡಿಕೊಳ್ಳುತ್ತದೆ. ಒಂದರಲ್ಲಿ ಹಾಡು ತುಂಬಿ, ಅದನ್ನು ಕೇಳುತ್ತಾ ಎರಡನೆಯದರಲ್ಲಿ ಹಾರ್ಮೋನಿಯಂ ತುಂಬಬಹುದು, ಹೀಗೆ. ಮುಂದಿನ ಕತೆಗೆ ಬೇಕಾದ ಒಂದೇ ಒಂದು ಶಾಸ್ತ್ರವನ್ನು ಇಲ್ಲೇ ಹೇಳುತ್ತೇನೆ. ಒಂದು ಟ್ರ್ಯಾಕು ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ: ಹಾಡುತ್ತದೆ, ಇಲ್ಲವೇ ತುಂಬಿಸಿಕೊಳ್ಳುತ್ತದೆ. ತುಂಬಿಸಿಕೊಳ್ಳುವಾಗ ಸ್ಲೇಟಿನ ಹಾಗೆ, ಒರೆಸುವ ಕೈ ಮುಂದೆ, ಬರೆಯುವ ಕೈ ಹಿಂದೆ. ಹಳೆಯದು ಪೂರ್ತಿ ಅಳಿಸಿಹೋಗಿ ಆಮೇಲೆ ಹೊಸದು ಬೀಳುತ್ತದೆ. ಇದರಲ್ಲಿ ರಿಯಾಯಿತಿ ಇಲ್ಲ.

ಮಲಗುವ ಕೋಣೆಯೇ ಸ್ಟುಡಿಯೋ. ಬೀದಿಯ ಸದ್ದು ಬರಬಾರದೆಂದು ಕಿಟಕಿಗೆ ಹಾಸಿಗೆ ನಿಲ್ಲಿಸುತ್ತಿದ್ದೆ. "ಮಲಗೋಕೆ ಅಂತ ಹಾಸಿಗೆ ತಗೊಂಡ್ವೋ, ಗೋಡೆಗೆ ಹೊದಿಸೋಕೋ?" ಎಂದು ವಿಮಲಾ ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಕೆಳಗಿನ ಮನೆಯ ಮಿಕ್ಸಿ, ಎದುರು ಮನೆಯ ಕುಕ್ಕರ್, ಹಿಂದಕ್ಕೆ ಬರುವಾಗ ಪೀಪಿ ಊದುವ ಕಾರು, ಹೂವಿನವಳ ಕೂಗು. ಇವೆಲ್ಲದರ ನಡುವೆ ನಾಲ್ಕು ನಿಮಿಷದ ಮೌನ ಸಿಗುವುದು ಭಾರತ ಬ್ಯಾಟಿಂಗ್ ಮಾಡುವ ಭಾನುವಾರಗಳಲ್ಲಿ ಮಾತ್ರ. ಆಗಲೂ ಯಾರಾದರೂ ಸಿಕ್ಸರ್ ಹೊಡೆದರೆ ನನ್ನ ಟೇಕು ಹಾಳು. ದೇಶ ಸೋಲಲಿ ಎಂದಲ್ಲ, ನಿಧಾನವಾಗಿ ಆಡಲಿ ಎಂದು ಬಯಸುತ್ತಿದ್ದವನು ಇಡೀ ಬ್ಲಾಕಿನಲ್ಲಿ ನಾನೊಬ್ಬನೇ.

ಶಾಂತಕ್ಕ ನಮಗೆ ರೊಟ್ಟಿ ಕೊಡುತ್ತಿದ್ದವರು. ಗದಗಿನ ಕಡೆಯವರು. ಗಂಡನಿಗೆ ಇಲ್ಲಿ ಸೆಕ್ಯೂರಿಟಿ ಕೆಲಸ ಸಿಕ್ಕಿತೆಂದು ಬಂದು ಬಿಟಿಎಂ ಲೇಔಟಿನಲ್ಲಿ ಒಂದು ಕೋಣೆ ಹಿಡಿದು, ಸುತ್ತಲಿನ ಬ್ಯಾಚುಲರ್‌ಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದರು. ಒಮ್ಮೆ ರೊಟ್ಟಿ ತರಲು ಹೋದ ವಿಮಲಾ, ಆಕೆ ಬಡಿಯುತ್ತಾ ಹಾಡುವುದನ್ನು ಕೇಳಿ ಬಾಗಿಲಲ್ಲೇ ನಿಂತುಬಿಟ್ಟಳಂತೆ. ಆಮೇಲೆ ಒಂದು ದಿನ ಶಾಂತಕ್ಕನೇ ನಮ್ಮ ಮನೆಗೆ ಬಂದರು. ಕುತ್ತಿಗೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು. ಥೈರಾಯ್ಡ್ ಆಪರೇಷನ್ ನಿಗದಿಯಾಗಿತ್ತು. ಆಪರೇಷನ್ ಆದ ಮೇಲೆ ದನಿ ಹೀಗೇ ಇರಬಹುದು, ಇಲ್ಲದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರು. ಮಗಳು ಊರಿನಲ್ಲಿ ಆರು ತಿಂಗಳ ಬಸುರಿ. ತೊಟ್ಟಿಲಿಗೆ ಹಾಕುವಾಗ ಹಾಡುವ ಒಂದು ಹಾಡು ಇವರಿಗೆ ತಾಯಿಯಿಂದ ಬಂದದ್ದು, ತಾಯಿಗೆ ಅವರ ತಾಯಿಯಿಂದ. ಅದನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಡಿ ಎಂದು ಕೇಳಿದರು.

"ಮಗಳಿಗೆ ಕಲಿಸಬೇಕಿತ್ತು" ಎಂದೆ.

"ಆಕಿ ಬಾಯಿ ತಗದ್ರ ಎಮ್ಮಿ ಹಗ್ಗ ಹರಕೊಂಡು ಓಡ್ತಾವ್ರಿ" ಎಂದರು ಶಾಂತಕ್ಕ. "ದನಿ ಹೋದ್ರ ಹೋಗ್ಲಿ ಸರ. ರೊಟ್ಟಿ ಬಡಿಯಾಕ ದನಿ ಬೇಕಿಲ್ಲ. ಈ ಹಾಡೊಂದು ಆ ಕೂಸಿಗೆ ಮುಟ್ಟಬೇಕ್ರಿ."

ಆಪರೇಷನ್ ಮಂಗಳವಾರ. ಸೋಮವಾರ ಬೆಳಿಗ್ಗೆಯೇ ಆಸ್ಪತ್ರೆಗೆ ಸೇರಬೇಕು. ಹಾಗಾಗಿ ಭಾನುವಾರ ಮಧ್ಯಾಹ್ನ, ಮ್ಯಾಚಿನ ಹೊತ್ತಿಗೆ, ಹಾಸಿಗೆಗಳ ನಡುವೆ ಮೈಕ್ ಇಟ್ಟು ಅವರನ್ನು ಕೂರಿಸಿದೆ. ಕೂತರು, ಬಾಯಿ ತೆರೆದರು, ದನಿ ಬರಲಿಲ್ಲ. ನೀರು ಕುಡಿಸಿದೆವು. ಬರಲಿಲ್ಲ. ಆಮೇಲೆ ಸಂಕೋಚದಿಂದ ಹೇಳಿದರು, ಕೈ ಸುಮ್ಮನಿದ್ದರೆ ತನಗೆ ಹಾಡಲು ಬರುವುದಿಲ್ಲವಂತೆ. ಹದಿನಾಲ್ಕನೇ ವಯಸ್ಸಿನಿಂದ ರೊಟ್ಟಿ ಬಡಿಯುತ್ತಲೇ ಹಾಡಿ ಅಭ್ಯಾಸ. ಕೈ ನಿಂತರೆ ಹಾಡೂ ನಿಲ್ಲುತ್ತದೆ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಮೈಕಿನ ಮುಂದೆ ರೊಟ್ಟಿ ಬಡಿಯುವುದೇ? ಕೊನೆಗೆ ವಿಮಲಾ ಒಂದು ಕಂಬಳಿಯನ್ನು ಎಂಟು ಮಡಿಕೆ ಮಾಡಿ ಅವರ ಮುಂದಿಟ್ಟಳು. ಅದನ್ನು ಧಪ್ ಧಪ್ ಎಂದು ತಟ್ಟುತ್ತಾ ಶಾಂತಕ್ಕ ಹಾಡಿದರು. ಎಂಟು ನಿಮಿಷ, ಒಂದೇ ಸಲಕ್ಕೆ, ಎಲ್ಲೂ ನಿಲ್ಲದೆ. ಮುಗಿದಾಗ ವಿಮಲಾ ಮೂಗು ಒರೆಸಿಕೊಳ್ಳುತ್ತಿದ್ದಳು. ನಾನು ಮಾತ್ರ ಆ ಧಪ್ ಧಪ್ ಸದ್ದಿಗೆ ಏನು ಮಾಡಲಿ ಎಂದು ಯೋಚಿಸುತ್ತಿದ್ದೆ. ಹಾಡೂ ತಟ್ಟುವ ಸದ್ದೂ ಒಂದೇ ಮೈಕಿನಲ್ಲಿ, ಒಂದನೇ ಟ್ರ್ಯಾಕಿನಲ್ಲಿ ಬಿದ್ದಿದ್ದವು. ಹಾಲಿಗೆ ಬಿದ್ದ ನೀರನ್ನು ತೆಗೆಯುವವರು ಯಾರು? ಇನ್ನೊಂದು ಸಲ ಹಾಡಿಸೋಣವೆಂದರೆ ಅವರಿಗೆ ಗಂಟಲು ನೋವು ಶುರುವಾಗಿತ್ತು.

ಹಾಕಿ ಕೇಳಿಸಿದೆ. ಶಾಂತಕ್ಕ ಪೂರ್ತಿ ಕೇಳಿ, "ಹಾಸಿಗಿ ಒಳಗ ಕುಂತು ಹಾಡಿದಂಗ ಐತ್ರಿ" ಎಂದರು. ಹಾಸಿಗೆಯ ಒಳಗೇ ಕೂತು ಹಾಡಿದ್ದು ನಿಜವೇ ಆಗಿತ್ತು. "ಕಲ್ಲಿನ ಗುಡಿಯಾಗ ಹಾಡಿದ್ರ ಹೆಂಗ ಕೇಳತದ, ಹಂಗ ಮಾಡಾಕ ಬರತದೇನ್ರಿ?" ಎಂದು ಕೇಳಿದರು. ನಮ್ಮ ಜನಕ್ಕೆ ಎಕೋ ಎಂದರೆ ಪ್ರಾಣ, ಅದರಿಂದ ನನಗೆ ಯಾವಾಗಲೂ ಕಿರಿಕಿರಿ. ಗಣಪತಿ ಪೆಂಡಾಲಿನಲ್ಲಿ 'ಮೈಕ್ ಟೆಸ್ಟಿಂಗ್' ಎನ್ನುವುದಕ್ಕೂ ಎಕೋ ಬೇಕು, ಕಳೆದುಹೋದ ಮಗುವಿನ ಅಂಗಿಯ ಬಣ್ಣ ಹೇಳುವುದಕ್ಕೂ ಎಕೋ ಬೇಕು. ಆದರೆ ನಾಳೆ ಆಸ್ಪತ್ರೆಗೆ ಹೋಗುವವರಿಗೆ ಆಗದು ಎನ್ನುವುದು ಹೇಗೆ? ಆಗಲಿ ಎಂದೆ.

ಅಂದು ಸಂಜೆಯೇ ಪಕ್ಕದ ಸಿದ್ದಾಪುರಕ್ಕೆ ಹೋಗಿ ಸಂಪತ್‌ನಿಂದ ಎಕೋ ಪೆಟ್ಟಿಗೆ ಎರವಲು ತಂದೆ. ಸಂಪತ್ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಗೆಳೆಯ. "ತಗೊಂಡ್ ಹೋಗು ಗುರು, ಇದ್ರಲ್ಲಿ ಹಾದು ಬಂದ್ರೆ ನಿನ್ನ ಹಾರ್ಮೋನಿಯಂ ಕೂಡ ಸಂಗೀತದ ಥರ ಕೇಳುತ್ತೆ" ಎಂದು ಹರಸಿ ಕಳಿಸಿದ. ರಾತ್ರಿ ಕೂತು ಎರಡನೇ ಟ್ರ್ಯಾಕಿಗೆ ನನ್ನ ಹಾರ್ಮೋನಿಯಂ ತುಂಬಿದೆ. ಆ ನೆಪದಲ್ಲಿ ಹಾಡನ್ನು ಹತ್ತು ಹನ್ನೆರಡು ಸಲ ಕೇಳಿರಬೇಕು. ಯಾವ ಸಾಲಿಗೆ ಎಷ್ಟು ಧಪ್ ಎಂದು ನನಗೆ ಬಾಯಿಪಾಠವಾಗಿತ್ತು.

ಸೋಮವಾರ ರಜೆ ಹಾಕಿದೆ. ಮಾಡಬೇಕಾದ ಕೆಲಸ ಸುಲಭ. ಒಂದನೇ ಟ್ರ್ಯಾಕು ಹಾಡುತ್ತದೆ, ಆ ದನಿ ತಂತಿಯ ಮೂಲಕ ಎಕೋ ಪೆಟ್ಟಿಗೆಗೆ ಹೋಗುತ್ತದೆ, ಅಲ್ಲಿಂದ ಗುಡಿಯ ಗುಂಗು ಹಚ್ಚಿಕೊಂಡು ಯಂತ್ರಕ್ಕೆ ವಾಪಸು ಬಂದು ಖಾಲಿಯಿರುವ ನಾಲ್ಕನೇ ಟ್ರ್ಯಾಕಿನಲ್ಲಿ ತುಂಬಿಕೊಳ್ಳುತ್ತದೆ. ಯಾವ ಟ್ರ್ಯಾಕು ತುಂಬಿಸಿಕೊಳ್ಳಬೇಕೋ ಅದರ ಮೇಲೆ ಸಣ್ಣ ಕೆಂಪು ದೀಪ ಉರಿಯುತ್ತದೆ. ನಾಲ್ಕರ ಮೇಲೆ ದೀಪ ಉರಿಯುತ್ತಿದೆಯೇ ಎಂದು ನೋಡಿದೆ, ಉರಿಯುತ್ತಿತ್ತು. ಮತ್ತೊಮ್ಮೆ ನೋಡಿದೆ, ಉರಿಯುತ್ತಿತ್ತು. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಬಿಡುತ್ತಿದ್ದರು. ನನಗೆ ಮಾತ್ರ ಒಂದು ಯೋಚನೆ ಬಂತು: ಈ ದೀಪವೇ ಕೆಟ್ಟು ಎಲ್ಲಕ್ಕೂ ನಾಲ್ಕನ್ನೇ ತೋರಿಸುತ್ತಿದ್ದರೆ? ಪರೀಕ್ಷೆ ಮಾಡೋಣವೆಂದು ಗುಂಡಿಯನ್ನು ಒಂದಕ್ಕೆ ತಿರುಗಿಸಿದೆ. ಒಂದರ ಮೇಲೆ ದೀಪ ಬಂತು. ಸರಿಯಾಗಿದೆ ಎಂದು ಸಮಾಧಾನಪಟ್ಟುಕೊಂಡು ರೆಕಾರ್ಡ್ ಒತ್ತಿದೆ.

ಒತ್ತಿದ ಕೂಡಲೇ ಕೆಳಗಿನಿಂದ ಮನೆ ಮಾಲೀಕರು ಕೂಗಿದರು. ಟ್ಯಾಂಕು ತುಂಬಿ ಹರಿಯುತ್ತಿದೆ, ಮೋಟಾರು ಹಾಕಿದವರು ಯಾರು ಎಂದು. ಹಾಕಿದವನು ನಾನೇ. ಹೆಡ್‌ಫೋನನ್ನು ಕಿವಿಗೆ ಹಾಕಿಕೊಳ್ಳುವ ಮೊದಲೇ ಮೇಜಿನ ಮೇಲೆ ಇಟ್ಟು ಓಡಿದೆ. ಮೋಟಾರು ಆರಿಸಿ, ಮಾಲೀಕರಿಂದ ಕಾವೇರಿ ನೀರಿನ ಮಹತ್ವದ ಬಗ್ಗೆ ಉಪದೇಶ ಕೇಳಿಸಿಕೊಂಡು ಮೇಲೆ ಬಂದಾಗ ಆರು ನಿಮಿಷವಾಗಿತ್ತು. ಕೋಣೆಗೆ ಕಾಲಿಟ್ಟವನಿಗೆ ಮೊದಲು ಕಂಡದ್ದೇ ಒಂದರ ಮೇಲೆ ಉರಿಯುತ್ತಿದ್ದ ಕೆಂಪು ದೀಪ.

ಒಂದನೇ ಟ್ರ್ಯಾಕಿನ ದನಿಯ ಮಟ್ಟ ತೋರಿಸುವ ಮುಳ್ಳು ಅಲುಗದೆ ಬಿದ್ದುಕೊಂಡಿತ್ತು. ನಾಲ್ಕರ ದೀಪ ಆರಿತ್ತು. ಹೆಡ್‌ಫೋನ್ ಎತ್ತಿ ಕಿವಿಗಿಟ್ಟೆ. ನನ್ನ ಹಾರ್ಮೋನಿಯಂ, ಮತ್ತೆ ಟೇಪಿನ ಸುಯ್ ಎನ್ನುವ ಸದ್ದು. ಬೇರೇನಿಲ್ಲ. ಇನ್ನೇನಿರಲು ಸಾಧ್ಯ? ತುಂಬಿಸಿಕೊಳ್ಳುವ ಟ್ರ್ಯಾಕು ಹಾಡುವುದಿಲ್ಲ. ಹಾಡದೆ ಪೆಟ್ಟಿಗೆಗೆ ಏನೂ ಹೋಗುವುದಿಲ್ಲ. ಏನೂ ಹೋಗದೆ ಏನೂ ಬರುವುದಿಲ್ಲ. ಒರೆಸುವ ಕೈ ಆರು ನಿಮಿಷದಿಂದ ಒರೆಸುತ್ತಲೇ ಇತ್ತು. ಕೂಡಲೇ ನಿಲ್ಲಿಸಿದ್ದರೆ ಕೊನೆಯ ಎರಡು ನಿಮಿಷವನ್ನಾದರೂ ಉಳಿಸಿಕೊಳ್ಳಬಹುದಿತ್ತು. ನಾನು ಹೆಡ್‌ಫೋನ್ ಹಿಡಿದುಕೊಂಡು ನಿಂತೇ ಇದ್ದೆ. ಅದೂ ಅಳಿಸಿಹೋಯಿತು.

ವಿಮಲಾ ಬಂದು ನನ್ನ ಮುಖ ನೋಡಿ, ಎದೆನೋವೇ ಎಂದು ಕೇಳಿದಳು. ವಿಷಯ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಆಸ್ಪತ್ರೆಗೆ ಓಡಿಹೋಗಿ ಇನ್ನೊಂದು ಸಲ ಹಾಡಿಸಲು ಆಗುತ್ತದೆಯೇ ಎಂದಳು. ವಾರ್ಡಿನಲ್ಲಿ ಕಂಬಳಿ ತಟ್ಟಿಸುವುದೇ ಎಂದೆ.

"ಒಂದ್ ಸಲ ಹಾಕಿ ಕೇಳಿ. ಆಮೇಲೆ ಅಳೋದು ಇದ್ದೇ ಇದೆ" ಎಂದಳು.

ಕೇಳಲು ಏನಿದೆ ಎಂದು ರೇಗುತ್ತಲೇ ಹಿಂದಕ್ಕೆ ಸುತ್ತಿದೆ, ಪ್ಲೇ ಒತ್ತಿದೆ.

ಶಾಂತಕ್ಕ ಹಾಡುತ್ತಿದ್ದರು. ಮೊದಲ ಸಾಲಿನಿಂದಲೇ. ದನಿಯ ಸುತ್ತ ಕಲ್ಲಿನ ಕಂಬಗಳು ನಿಂತಿದ್ದ ಹಾಗೆ ಗುಂಗು, ಅವರು ಕೇಳಿಕೊಂಡಿದ್ದ ಹಾಗೆಯೇ. ಎಕೋ ಪೆಟ್ಟಿಗೆಯಿಂದ ಬರುತ್ತಿದೆಯೇನೋ ಎಂದು ಅದರ ತಂತಿಯನ್ನೇ ಕಿತ್ತೆ. ಗುಂಗು ಹೋಗಲಿಲ್ಲ. ಅಂದರೆ ಅದು ಟೇಪಿನಲ್ಲೇ ತುಂಬಿಕೊಂಡಿತ್ತು. ನಾಲ್ಕನೇ ಟ್ರ್ಯಾಕನ್ನು ಕೇಳಿದೆ, ಖಾಲಿ. ಒಂದನ್ನು ಮತ್ತೆ ಕೇಳಿದೆ, ಎಂಟು ನಿಮಿಷವೂ ಹಾಡಿತ್ತು, ಹಾರ್ಮೋನಿಯಂ ಜೊತೆ ಕೂದಲೆಳೆಯಷ್ಟೂ ಹಿಂದೆ ಮುಂದೆ ಆಗದೆ.

ವಿಮಲಾ ಹೆಡ್‌ಫೋನ್ ತೆಗೆದುಕೊಂಡು ಕೇಳಿದಳು. "ಇದೆಯಲ್ಲ ಹಾಡು. ಇಷ್ಟಕ್ಕೆ ಇಷ್ಟೊಂದು ರಾದ್ಧಾಂತ ಮಾಡಿದ್ರಾ?"

"ತಟ್ಟೋ ಸದ್ದು ಎಲ್ಲಿ?" ಎಂದೆ.

ಆಕೆ ಮತ್ತೆ ಹೆಡ್‌ಫೋನ್ ಹಾಕಿಕೊಂಡಳು. ಈ ಸಲ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. ಧಪ್ ಎನ್ನುವ ಸದ್ದು ಒಂದೂ ಇರಲಿಲ್ಲ. ದನಿ ಮಾತ್ರ ಇತ್ತು. "ನೀವೇ ಏನೋ ಮಾಡಿ ತೆಗೆದಿರ್ತೀರಿ" ಎಂದಳು ಕೊನೆಗೆ, ಸಣ್ಣ ದನಿಯಲ್ಲಿ.

"ಅದನ್ನ ತೆಗೆಯೋಕೆ ಬರೋ ಹಾಗಿದ್ರೆ ನಾನ್ಯಾಕೆ ಗುಮಾಸ್ತನಾಗಿರ್ತಿದ್ದೆ ಕಣೇ?"

ಇನ್ನು ನನ್ನ ತನಿಖೆಯ ವಿಷಯ. ಮೊದಲು ನನ್ನನ್ನೇ ಅನುಮಾನಿಸಿದೆ, ಅದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ದೀಪವನ್ನು ತಪ್ಪಾಗಿ ನೋಡಿದೆನೇ? ಹಾಗಿದ್ದರೆ ಹಾಡು ನಾಲ್ಕರಲ್ಲಿ ಇರಬೇಕಿತ್ತು, ಮೂಲ ಹಾಡು ಒಂದರಲ್ಲಿ ಹಾಗೇ ಉಳಿದಿರಬೇಕಿತ್ತು. ಬೇರೆ ಕ್ಯಾಸೆಟ್ ಹಾಕಿದೆನೇ? ಶಾಂತಕ್ಕ ನಮ್ಮ ಮನೆಯಲ್ಲಿ ಹಾಡಿದ್ದೇ ಒಂದು ಸಲ, ಅದೂ ತಟ್ಟುತ್ತಾ. ತಟ್ಟದೆ ಅವರಿಗೆ ಒಂದು ಸಾಲೂ ಬಂದಿರಲಿಲ್ಲ. ಪೆಟ್ಟಿಗೆ ವಾಪಸು ಕೊಡುವಾಗ ಸಂಪತ್‌ನನ್ನು ಕೇಳಿದೆ, ಇದು ಹಾಡನ್ನು ಒಳಗೆ ಇಟ್ಟುಕೊಂಡು ಆಮೇಲೆ ಕೊಡುವುದುಂಟೇ ಎಂದು. ಆತ ನನ್ನನ್ನು ಮರುಕದಿಂದ ನೋಡಿದ. "ಗುರು, ಅದು ಎಕೋ ಮಿಷನ್ನು, ಬ್ಯಾಂಕ್ ಲಾಕರ್ ಅಲ್ಲ. ಹಾಕಿದ್ದನ್ನ ಅರ್ಧ ಸೆಕೆಂಡಲ್ಲಿ ವಾಪಸ್ ಎಸೀತದೆ, ಅಷ್ಟೇ" ಎಂದ. ಗೊತ್ತಿದ್ದವರನ್ನೆಲ್ಲ ಕೇಳಿದೆ. ಎಲ್ಲರೂ ಒಂದೇ ಉತ್ತರ ಕೊಟ್ಟರು: ನೀವು ಏನೋ ಗಡಿಬಿಡಿ ಮಾಡಿಕೊಂಡಿದ್ದೀರಿ. ನನ್ನನ್ನು ಬಲ್ಲವರು ಬೇರೇನು ಹೇಳಿಯಾರು?

ಆಮೇಲೆ ಅದೇ ತಪ್ಪನ್ನು ಬೇಕೆಂದೇ ಮಾಡಿ ನೋಡಿದೆ. ಬೇರೆ ಕ್ಯಾಸೆಟ್ಟಿನಲ್ಲಿ ನನ್ನ ದನಿಯನ್ನು ತುಂಬಿ, ಪೆಟ್ಟಿಗೆಯನ್ನು ಮತ್ತೆ ತಂದು, ಒಂದರ ಮೇಲೆ ಕೆಂಪು ದೀಪ ಉರಿಸಿ, ಮೋಟಾರು ಕೂಡ ಹಾಕಿ, ಕೆಳಗೆ ಹೋಗಿ ಬಂದೆ. ಒಂದು ಸಲವಲ್ಲ, ಲೆಕ್ಕವಿಲ್ಲದಷ್ಟು ಸಲ. ಪ್ರತಿ ಸಲವೂ ನನ್ನ ದನಿ ಯಾವ ತಕರಾರೂ ಇಲ್ಲದೆ ಅಳಿಸಿಹೋಯಿತು. ಒಂದೇ ಒಂದು ಆಲಾಪ ಕೂಡ ಉಳಿಯಲಿಲ್ಲ. ಶಾಂತಕ್ಕನ ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಚೂರುಗಳನ್ನು ಅಂದೇ ಮುರಿದಿದ್ದೆ, ಇನ್ನು ಯಾರೂ ಅದರ ಮೇಲೆ ತುಂಬದ ಹಾಗೆ. ಅದರ ನಕಲು ಮಾಡಿಡಿ ಎಂದು ವಿಮಲಾ ಎಷ್ಟೋ ಸಲ ಹೇಳಿದಳು. ನನಗೆ ಧೈರ್ಯ ಬರಲಿಲ್ಲ. ನಕಲು ಮಾಡಲು ಹೋದರೆ ಆ ಟೇಪಿಗೆ ತಾನು ಖಾಲಿಯಿರಬೇಕಾಗಿತ್ತು ಎನ್ನುವುದು ನೆನಪಾಗಿಬಿಟ್ಟರೆ? ನಗಬೇಡಿ. ಇದು ನನ್ನ ಚಿಂತೆಗಳಲ್ಲಿ ತೀರಾ ಹುಚ್ಚಿನದೇನಲ್ಲ.

ಮೂರು ತಿಂಗಳಾದ ಮೇಲೆ ಶಾಂತಕ್ಕ ಬಂದರು. ಕುತ್ತಿಗೆಯಲ್ಲಿ ಹೊಲಿಗೆಯ ಗೆರೆ. ಆಪರೇಷನ್ ಚೆನ್ನಾಗಿ ಆಗಿತ್ತು, ಗಂಟು ಹೋಗಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ದನಿ ಮಾತ್ರ ಉಸಿರಾಗಿತ್ತು. ಹತ್ತಿರ ಕೂತರೆ ಮಾತು ತಿಳಿಯುತ್ತಿತ್ತು, ಬಾಗಿಲಿನಿಂದ ತಿಳಿಯುತ್ತಿರಲಿಲ್ಲ. ಇನ್ನು ಇಷ್ಟೇ ಅಂತ ಡಾಕ್ಟರು ಹೇಳ್ಯಾರ್ರಿ ಎಂದು ನಕ್ಕರು. ಮಗಳಿಗೆ ಹೆಣ್ಣುಮಗುವಾಗಿತ್ತು, ಮುಂದಿನ ವಾರ ತೊಟ್ಟಿಲು, ರಾತ್ರಿ ಬಸ್ಸಿಗೆ ಹೊರಟಿದ್ದರು.

ನಾನು ಒಂದು ಭಾಷಣವನ್ನೇ ತಯಾರು ಮಾಡಿಟ್ಟುಕೊಂಡಿದ್ದೆ. ನಿಮ್ಮ ಹಾಡನ್ನು ನಾನು ಅಳಿಸಿಬಿಟ್ಟೆ, ಇದರಲ್ಲಿರುವುದು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ, ನಿಮ್ಮ ತಾಯಿ, ಅಜ್ಜಿಯ ಹಾಡು, ನಿಮಗೆ ತಿಳಿಯದೆ ಮೊಮ್ಮಗಳಿಗೆ ಹೋಗಬಾರದು, ಹೀಗೆಲ್ಲ. ಮೊದಲು ಕೇಳಲಿ, ಆಮೇಲೆ ಹೇಳೋಣ ಎಂದುಕೊಂಡು ಹೆಡ್‌ಫೋನ್ ಕೊಟ್ಟೆ. ಎಂಟು ನಿಮಿಷ ಅವರು ನೆಲ ನೋಡುತ್ತಾ ಕೇಳಿದರು. ತಟ್ಟುವ ಸದ್ದು ಎಲ್ಲಿ ಹೋಯಿತೆಂದು ವಿಷಯ ತೆಗೆಯುತ್ತಾರೆ ಎಂದು ನಾನು ಕಾದೆ. ತೆಗೆಯಲಿಲ್ಲ. ವಿಮಲಾ ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದಳು, ಅದರಲ್ಲಿದ್ದ ಕಾಫಿ ಆರಿಹೋಗಿತ್ತು.

ಹಾಡು ಮುಗಿದ ಮೇಲೆ ಶಾಂತಕ್ಕ ಹೆಡ್‌ಫೋನ್ ತೆಗೆದು ಎರಡೂ ಕೈಯಲ್ಲಿ ನನ್ನ ಕಡೆ ಹಿಡಿದರು. ಆ ಉಸಿರಿನಂಥ ದನಿಯಲ್ಲಿ ಕೇಳಿದರು: "ಇಷ್ಟು ಛಲೋ ಇತ್ತೇನ್ರಿ ಸರ, ನನ್ನ ದನಿ?"

ಭಾಷಣವನ್ನು ಅಲ್ಲಿಗೇ ಬಿಟ್ಟೆ. "ಇತ್ತು ಶಾಂತಕ್ಕ" ಎಂದೆ.

ಅವರು ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ, ಚೀಲದೊಳಗೆ ಮಗುವಿನ ಕುಲಾವಿಯ ಕೆಳಗೆ ಇಟ್ಟುಕೊಂಡು ಹೋದರು. ಇದ್ದ ಪ್ರತಿ ಅದೊಂದೇ. ಭಾನುವಾರ ಹಾಡಿದ ದನಿಯನ್ನು ನಾನು ನನ್ನ ಕೈಯಾರೆ ಅಳಿಸಿದ್ದೆ. ಸೋಮವಾರ ಟೇಪಿನ ಮೇಲಿದ್ದ ದನಿಯನ್ನು ಯಾರೂ ಹಾಡಿರಲಿಲ್ಲ. ಎರಡರಲ್ಲಿ ಯಾವುದರ ಬಗ್ಗೆ ನಾನು "ಇತ್ತು" ಎಂದೆ? ಅವತ್ತು ಶಾಂತಕ್ಕನಿಗೆ ನಿಜ ಹೇಳಿದೆನೋ ಸುಳ್ಳು ಹೇಳಿದೆನೋ, ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ.